ನೀರು ಬೀಳುವ ಮೂಲೆಗೊಂದು ದೀಪ

ಚೆನ್ನೈಯ ವಡಪಳನಿಯಲ್ಲಿ ಮುರುಗನ ದೇವಾಲಯದ ಸುತ್ತಣ ಬೀದಿಗಳಲ್ಲಿಯೂ, ಆರ್ಕಾಟ್ ರಸ್ತೆಯಿಂದ ಒಳಸರಿಯುವ ಅಡ್ಡರಸ್ತೆಗಳಲ್ಲಿಯೂ ಪಕ್ಕೆಗೆ ಪಕ್ಕೆ ಒತ್ತಿಕೊಂಡು ನಿಂತಿರುವ ಮೂರು ನಾಲ್ಕು ಅಂತಸ್ತುಗಳ ವಸತಿಗೃಹಗಳನ್ನು ಒಳಹೊಕ್ಕು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಗೋಚರವಾಗುತ್ತದೆ: ಬೀದಿಯ ಕಡೆಯ ಗಾಳಿಯನ್ನೂ ಬೆಳಕನ್ನೂ ಹಜಾರವೂ ಮಲಗುವ ಕೋಣೆಯೂ ಹಂಚಿಕೊಂಡು, ಅಡಿಗೆಮನೆಗೆ ಅಷ್ಟಿಷ್ಟು ಉಳಿದು, ಕಟ್ಟಕಡೆಗೆ ಸ್ನಾನಗೃಹದ ಪಾಲಿಗೆ ಕತ್ತಲೆಯೇ ಬಂದಿರುತ್ತದೆ. ಅಲ್ಲಿರುವ ಒಂದೇ ಒಂದು ವೆಂಟಿಲೇಟರು ತೆರೆದುಕೊಳ್ಳುವುದು ಆಕಾಶದ ಕಡೆಗಲ್ಲ. ಮೇಲಿನ ಮನೆಗಳ ಕೊಳವೆಗಳೆಲ್ಲ ಇಳಿದುಬರುವ, ಆಳವಾದ ಬಾವಿಯಂತೆ ಕಿರಿದಾಗಿ ನೀಳವಾಗಿರುವ 'ಡಕ್ಟ್' ಎಂಬ ಸಂದಿಯ ಕಡೆಗೆ. ಆದುದರಿಂದ ಹೊರಗೆ ಚೆನ್ನೈಯ ಪ್ರಖರವಾದ ಬಿಸಿಲು ಕಣ್ಣು ಕುಕ್ಕುತ್ತಿರುವ ಹೊತ್ತಿನಲ್ಲಿಯೂ ಇಲ್ಲಿ ಸ್ನಾನಕ್ಕೆ ಹೋಗುವವನು ದೀಪದ ಗುಂಡಿಯನ್ನು ಒತ್ತಿಯೇ ಒಳಗೆ ಕಾಲಿಡಬೇಕು.

ಆ ದೀಪವಾದರೂ ಎಲ್ಲಿರುತ್ತದೆ? ಹೆಚ್ಚಿನ ಮನೆಗಳಲ್ಲಿ ಬಾಗಿಲಿನ ನೆತ್ತಿಯ ಮೇಲೆ, ಇಲ್ಲವೆ ಕನ್ನಡಿಯ ಮೇಲೆ. ಕಟ್ಟುವಾಗ ತಂತಿಯನ್ನು ಎಳೆಯುವುದಕ್ಕೆ ಅನುಕೂಲವಾದ ಸ್ಥಳ ಅದು. ಸ್ನಾನ ಮಾಡುವವನಿಗೆ ಅನುಕೂಲವಾದ ಸ್ಥಳವಲ್ಲ. ಷವರ್ ಇರುವುದು ಬಾಗಿಲಿಗೆ ಎದುರಾದ ದೂರದ ಮೂಲೆಯಲ್ಲಿ. ಅದರ ಮುಂದೆ ಇತ್ತೀಚಿನ ಮನೆಗಳಲ್ಲಿ ಒಂದು ಗಾಜಿನ ತಡಿಕೆ ಅಥವಾ ಪ್ಲಾಸ್ಟಿಕ್ ಪರದೆ. ಅದರೊಳಗೆ ನಲ್ಲಿಯ ಕಡೆಗೆ ಮುಖ ಮಾಡಿ ನಿಂತ ಮನುಷ್ಯ. ದೀಪ ಅವನ ಬೆನ್ನಿಗಿರುವುದರಿಂದ ಅವನ ದೇಹದ ನೆರಳೇ ನಲ್ಲಿಯ ಮೇಲೆ, ಸಾಬೂನಿನ ತಟ್ಟೆಯ ಮೇಲೆ, ಕಾಲಿಡಬೇಕಾದ ನೆಲದ ಮೇಲೆ ಬೀಳುತ್ತದೆ. ಇದು ಸಾಲದೆಂದು ಮನೆಯವರು 9 ವ್ಯಾಟಿನ ಬಲ್ಬನ್ನು ತೆಗೆದು 15 ವ್ಯಾಟಿನದನ್ನು ಹಾಕಿಸುತ್ತಾರೆ; ಬಾಗಿಲ ಬಳಿ ಕಣ್ಣು ಚುಚ್ಚುವ ಬೆಳಕಾಗುತ್ತದೆ, ಮೂಲೆಯ ನೆರಳು ಇನ್ನಷ್ಟು ಗಾಢವಾಗಿ ಕಾಣುತ್ತದೆ. ಮಂದವಾದ ಸ್ನಾನಗೃಹಕ್ಕೆ ದೀಪವನ್ನು ಆರಿಸುವವರು ಮೊದಲು ನಿರ್ಧರಿಸತಕ್ಕದ್ದು ದೀಪದ ಶಕ್ತಿಯನ್ನಲ್ಲ, ಸ್ಥಾನವನ್ನು. ನೀರಿನ ಸಮೀಪದಲ್ಲಿ ಆ ಸ್ಥಾನಕ್ಕೆ ಯಾವ ಜಾತಿಯ ದೀಪ ಯೋಗ್ಯವೆಂಬುದು ಎರಡನೆಯ ಪ್ರಶ್ನೆ. ವ್ಯಾಟು, ಬಣ್ಣ, ಅಂದ ಎಲ್ಲವೂ ಆಮೇಲಿನವು. ಅಂಗಡಿಗಳಲ್ಲಿ ಈ ಕ್ರಮ ತಲೆಕೆಳಗಾಗಿ ನಡೆಯುತ್ತಿರುವುದನ್ನು ಕಂಡೇ ಈ ಲೇಖನವನ್ನು ಬರೆಯಬೇಕೆನಿಸಿತು.

ಬೆಳಕನ್ನು ಎಲ್ಲಿಡಬೇಕೆಂಬ ವಿದ್ಯೆ ವಡಪಳನಿಗೆ ಹೊಸದೇನೂ ಅಲ್ಲ. ಎ.ವಿ.ಎಂ., ವಿಜಯಾ-ವಾಹಿನಿ ಮೊದಲಾದ ಚಿತ್ರಶಾಲೆಗಳು ಈ ನೆಲದಲ್ಲಿಯೇ ಬೆಳೆದವು. 1954ರಲ್ಲಿ ರಾಜಕುಮಾರರನ್ನು ನಾಯಕರನ್ನಾಗಿ ಕನ್ನಡಿಗರ ಮುಂದೆ ತಂದ 'ಬೇಡರ ಕಣ್ಣಪ್ಪ'ದ ನಿರ್ಮಾಣದಲ್ಲಿ ಎ.ವಿ.ಎಂ. ಪಾಲುಗೊಂಡಿತ್ತು, ಕನ್ನಡ ಚಿತ್ರೋದ್ಯಮ ಬೆಂಗಳೂರಿನಲ್ಲಿ ಬೇರೂರುವವರೆಗೆ ನಮ್ಮ ಕಲಾವಿದರೂ ತಂತ್ರಜ್ಞರೂ ಬಾಳಿದ ಪ್ರದೇಶವಿದು. ಮುಚ್ಚಿದ ಕಟ್ಟಡದೊಳಗೆ, ಹಗಲಿನ ಬೆಳಕಿನ ಸುಳಿವೂ ಇಲ್ಲದ ಕಡೆ, ಒಂದು ಮುಖವನ್ನು ಸ್ಪಷ್ಟವಾಗಿ ಕಾಣಿಸಬೇಕಾದ ಛಾಯಾಗ್ರಾಹಕನಿಗೆ ತಿಳಿದಿರುವ ನಿಯಮವೆಂದರೆ ಮುಖ್ಯದೀಪ ಮುಖದ ಮುಂದುಗಡೆ ತುಸು ಓರೆಯಾಗಿರಬೇಕು, ನೆರಳನ್ನು ತುಂಬುವ ಎರಡನೆಯ ಬೆಳಕು ಮೃದುವಾಗಿರಬೇಕು ಎಂಬುದು. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಕತ್ತಲೆಯನ್ನು ಸೀಳಿಕೊಂಡು ಬರುವ ಪ್ರಸಿದ್ಧ ಬೆಳಕಿನ ಕೋಲನ್ನು ಪಡೆದದ್ದು ಹೆಚ್ಚು ಶಕ್ತಿಯ ದೀಪದಿಂದಲ್ಲ. ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳ ಮೂಲಕ ಒಳಕ್ಕೆ ತಿರುಗಿಸಿ. ಇರುವ ಬೆಳಕನ್ನು ಬೇಕಾದಲ್ಲಿಗೆ ಕರೆದುಕೊಂಡು ಹೋಗುವ ಈ ಉಪಾಯವನ್ನು ಐದಡಿಗೆ ಏಳಡಿಯ ಸ್ನಾನಗೃಹದಲ್ಲಿಯೂ ಪ್ರಯೋಗಿಸಬಹುದು.

ಹಾಗೆ ಪ್ರಯೋಗಿಸುವುದಾದರೆ ದೀಪ ಖರೀದಿಗೆ ಮುಂಚೆ ಗಮನಿಸತಕ್ಕದ್ದು ಗೋಡೆಯನ್ನು. ಬಿಳಿಯ ಅಥವಾ ಕೆನೆಬಣ್ಣದ ಹೆಂಚು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೆ ಹಿಂದಿರುಗಿಸುತ್ತದೆ. ಈಗ ರೂಢಿಗೆ ಬಂದಿರುವ ಕಪ್ಪು, ಕಡುಬೂದು, ಕಾಫಿಬಣ್ಣದ ಹೆಂಚುಗಳು ಅದನ್ನು ನುಂಗಿಬಿಡುತ್ತವೆ. ಕಿಟಕಿಯಿಲ್ಲದ ಸ್ನಾನಗೃಹಕ್ಕೆ ಕಪ್ಪು ಹೆಂಚನ್ನು ಹೊದಿಸಿ ಆಮೇಲೆ ದೀಪಗಳಿಗಾಗಿ ಹಣವನ್ನು ವೆಚ್ಚಮಾಡುವುದು ನನಗೆ ಸರಿತೋರುವುದಿಲ್ಲ. ಹೆಂಚನ್ನು ಬದಲಾಯಿಸಲಾರದವರು ಚಾವಣಿಗಾದರೂ ಬಿಳಿಯ ಬಣ್ಣವನ್ನು ಹೊಡೆಸಬಹುದು. ಬೂಷ್ಟನ್ನು ತಡೆಯುವ ಬಣ್ಣವೇ ದೊರೆಯುತ್ತದೆ. ಡಕ್ಟಿನ ಒಳಗೋಡೆಯ ಮಾತೂ ಹೀಗೆಯೇ. ಚೆನ್ನೈ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದ ಸುಮಾರಿಗೆ. ಆ ಕೆಲವು ದಿನಗಳಲ್ಲಿ ಮಾತ್ರ ಡಕ್ಟಿನ ತಳಕ್ಕೆ ನೇರ ಬಿಸಿಲು ಮುಟ್ಟಬಹುದು. ಉಳಿದ ದಿನಗಳಲ್ಲಿ ಕೆಳಗಿನ ಮನೆಗಳಿಗೆ ಬರುವುದೆಲ್ಲ ಗೋಡೆಯಿಂದ ಗೋಡೆಗೆ ಪುಟಿದು ಬಂದ ಬೆಳಕು. ಪಾಚಿಗಟ್ಟಿ ಕಪ್ಪಾಗಿರುವ ಆ ಗೋಡೆಗಳಿಗೆ ಸುಣ್ಣ ಬಳಿಸುವಂತೆ ನಿವಾಸಿಗಳ ಸಂಘದವರನ್ನು ಒಪ್ಪಿಸಿದರೆ ಕೆಳ ಅಂತಸ್ತಿನವರ ಹಗಲುಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ತೊಳೆಯುವುದೂ, ಬಾಗಿಲಿನ ಮೇಲ್ಭಾಗದಲ್ಲಿ ಮರದ ಹಲಗೆಯ ಬದಲು ಮಬ್ಬುಗಾಜನ್ನು ಕೂಡಿಸಿ ಪಕ್ಕದ ಕೋಣೆಯ ಬೆಳಕನ್ನು ಎರವಲು ಪಡೆಯುವುದೂ ಅಲ್ಪವ್ಯಯದ ಕೆಲಸಗಳು. ನಮ್ಮ ಮಲೆನಾಡಿನ ಮತ್ತು ಕರಾವಳಿಯ ಹಿರಿಯರು ಬಚ್ಚಲುಮನೆಯ ಮಾಡಿನಲ್ಲಿ ಮಂಗಳೂರು ಹೆಂಚುಗಳ ನಡುವೆ ಒಂದು ಗಾಜಿನ ಹೆಂಚನ್ನಿರಿಸಿ ಹಂಡೆಯ ಒಲೆಯ ಹೊಗೆಯ ನಡುವೆಯೂ ಕಾಣುವಷ್ಟು ಬೆಳಕನ್ನು ಮೇಲಿನಿಂದ ಇಳಿಸಿಕೊಳ್ಳುತ್ತಿದ್ದರು. ಕಟ್ಟಡದ ಕೊನೆಯ ಅಂತಸ್ತಿನಲ್ಲಿರುವವರಿಗೆ ಈ ಮಾರ್ಗ ಇಂದಿಗೂ ತೆರೆದಿದೆ.

ಇನ್ನು ದೀಪದ ಸ್ಥಾನ. ಷವರಿನ ಗೋಡೆಗೂ ಸ್ನಾನ ಮಾಡುವವನು ನಿಲ್ಲುವ ಸ್ಥಳಕ್ಕೂ ಮಧ್ಯೆ, ಗೋಡೆಯಿಂದ ಸುಮಾರು ಒಂದಡಿಯಿಂದ ಒಂದೂವರೆ ಅಡಿಯಷ್ಟು ಈಚೆಗೆ, ಚಾವಣಿಯಲ್ಲಿ ಒಂದು ದೀಪವಿದ್ದರೆ ಅದರ ಬೆಳಕು ಎದುರಿನ ಗೋಡೆಯನ್ನು ತೋಯಿಸಿ, ಅಲ್ಲಿಂದ ಮೃದುವಾಗಿ ಮುಖಕ್ಕೂ ಕೈಗಳಿಗೂ ಕಾಲಡಿಯ ನೆಲಕ್ಕೂ ತಲಪುತ್ತದೆ. ನೇರವಾಗಿ ನೆತ್ತಿಯ ಮೇಲಿಟ್ಟರೆ ಹುಬ್ಬು ಮೂಗುಗಳ ನೆರಳು ಮುಖದ ಮೇಲೆ ಇಳಿಯುತ್ತದೆ. ಗಾಜಿನ ತಡಿಕೆ ಪಾರದರ್ಶಕವಾಗಿದ್ದರೂ ಷವರಿನ ಒಳಭಾಗಕ್ಕೆ ಪ್ರತ್ಯೇಕ ದೀಪ ಬೇಕೇ ಬೇಕು. ಹೊರಗಿನ ಬೆಳಕು ದೂರದಿಂದ ಬರುವಂಥದು, ಮತ್ತು ದೂರ ಎರಡರಷ್ಟಾದರೆ ಒಂದು ಸಣ್ಣ ದೀಪದಿಂದ ಬರುವ ನೇರ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿದುಬಿಡುತ್ತದೆ. ಅಂಗಡಿಯಲ್ಲಿ ಕೇಳುವಾಗ ಬೆಳಕಿನ ಹರಹಿನ ಕೋನವನ್ನೂ ವಿಚಾರಿಸಬೇಕು. 24 ಅಥವಾ 36 ಡಿಗ್ರಿಯ 'ಸ್ಪಾಟ್' ದೀಪಗಳು ಆಭರಣದಂಗಡಿಗೆ ಒಪ್ಪುತ್ತವೆ. ಸ್ನಾನಗೃಹದಲ್ಲಿ ಅವು ನೆಲದ ಮೇಲೆ ಒಂದು ವೃತ್ತವನ್ನು ಮಾತ್ರ ಬೆಳಗಿಸಿ ಸುತ್ತಲೂ ಕತ್ತಲೆಯನ್ನು ಉಳಿಸುತ್ತವೆ. 90 ಡಿಗ್ರಿಗಿಂತ ಮೇಲೆ ಹರಡುವ, ಹಾಲುಬಣ್ಣದ ಮಬ್ಬುಮುಚ್ಚಳವಿರುವ ದೀಪವೇ ಇಲ್ಲಿಗೆ ತಕ್ಕದ್ದು.

ಈಗ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಓದುಗರು ಉಳಿದುದನ್ನೆಲ್ಲ ಮರೆತರೂ ಇದನ್ನು ಮರೆಯಬಾರದೆಂದು ನನ್ನ ಪ್ರಾರ್ಥನೆ. ತೊಯ್ದ ಚರ್ಮ ಒಣಚರ್ಮಕ್ಕಿಂತ ಎಷ್ಟೋ ಸುಲಭವಾಗಿ ವಿದ್ಯುತ್ತನ್ನು ಒಳಕ್ಕೆ ಬಿಡುತ್ತದೆ. ಬರಿಗಾಲು ತೇವದ ನೆಲದ ಮೇಲಿರುತ್ತದೆ. ಕೈ ಲೋಹದ ನಲ್ಲಿಯ ಮೇಲಿರುತ್ತದೆ. ಆದಕಾರಣವೇ ಅಂತರರಾಷ್ಟ್ರೀಯ ವಿದ್ಯುತ್ ನಿಯಮಗಳು ಸ್ನಾನಗೃಹವನ್ನು ವಲಯಗಳಾಗಿ ವಿಂಗಡಿಸಿವೆ. ನೀರು ನಿಲ್ಲುವ ತೊಟ್ಟಿಯ ಒಳಭಾಗ ಸೊನ್ನೆಯ ವಲಯ. ಅದರ ಮೇಲೆ, ನೆಲದಿಂದ 2.25 ಮೀಟರಿನ ಎತ್ತರದವರೆಗೆ ಒಂದನೆಯ ವಲಯ. ನಮ್ಮ ಮನೆಗಳಲ್ಲಿರುವಂತೆ ತೊಟ್ಟಿಯಿಲ್ಲದೆ ನೀರು ನೇರವಾಗಿ ನೆಲಕ್ಕೆ ಬೀಳುವ ಪಕ್ಷದಲ್ಲಿ ಈ ವಲಯ ನೀರು ಹೊರಡುವ ಬಿಂದುವಿನಿಂದ ಸುತ್ತಲೂ 1.2 ಮೀಟರಿನಷ್ಟು ಹರಡುತ್ತದೆ. ಎಂದರೆ ಐದಡಿಗೆ ಏಳಡಿಯ ಸ್ನಾನಗೃಹದ ಅರ್ಧದಷ್ಟು ಭಾಗ ಇದರೊಳಗೇ ಸೇರಿಹೋಗುತ್ತದೆ. ಎತ್ತರದ ಲೆಕ್ಕವನ್ನು ನೋಡಿದರೆ, 2.25 ಮೀಟರ್ ಎಂದರೆ ಏಳಡಿ ನಾಲ್ಕು ಅಂಗುಲಕ್ಕೆ ತುಸು ಮೇಲೆ. ವಡಪಳನಿಯ ಹಳೆಯ ಫ್ಲ್ಯಾಟುಗಳಲ್ಲಿ ಸ್ನಾನಗೃಹದ ನೆತ್ತಿಯ ಮೇಲೆ ಪಾತ್ರೆಪಡಗಗಳನ್ನಿಡಲು ಒಂದು ಅಟ್ಟವನ್ನು ಕಟ್ಟಿರುತ್ತಾರಷ್ಟೆ. ಅದರ ತಳ ಏಳಡಿಯಲ್ಲಿದ್ದರೆ ಅಲ್ಲಿ ಕೂಡಿಸಿದ ದೀಪ ಚಾವಣಿಯ ದೀಪವೆಂಬಂತೆ ತೋರಿದರೂ ಒಂದನೆಯ ವಲಯದೊಳಗಿನ ದೀಪವೇ ಆಗುತ್ತದೆ, ಮತ್ತು ಎತ್ತರದ ಮನುಷ್ಯನೊಬ್ಬ ತಲೆಗೂದಲನ್ನು ಉಜ್ಜುತ್ತ ಕೈಯೆತ್ತಿದರೆ ಅವನ ಬೆರಳುಗಳಿಗೆ ಅದು ಎಟುಕುತ್ತದೆ. ಅಟ್ಟವಿರುವ ಮನೆಯವರು ಅಳತೆಪಟ್ಟಿಯನ್ನು ಹಿಡಿದು ಈ ಎತ್ತರವನ್ನು ನೋಡಿಕೊಳ್ಳದೆ ಯಾವ ದೀಪವನ್ನೂ ಕೊಳ್ಳಬಾರದು.

ದೀಪದ ಪೆಟ್ಟಿಗೆಯ ಮೇಲೆ 'ಐ.ಪಿ.' ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯ ಅಂಕಿ ಧೂಳು ಮುಂತಾದ ಘನವಸ್ತುಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂಬುದನ್ನೂ, ಎರಡನೆಯದು ನೀರನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂಬುದನ್ನೂ ಸೂಚಿಸುತ್ತದೆ. 20 ಎಂದಿದ್ದರೆ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಹಜಾರಕ್ಕೆ ಹಾಕುವ ಸಾಧಾರಣ ಎಲ್‌ಇಡಿ ಪಟ್ಟಿದೀಪಗಳು ಬಹುತೇಕ ಈ ಬಗೆಯವು. 44 ಎಂದಿದ್ದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಡೆಯುತ್ತದೆ. 65 ಎಂದಿದ್ದರೆ ಧೂಳು ಸ್ವಲ್ಪವೂ ಒಳಸೇರದು, ನೀರಿನ ಧಾರೆ ನೇರವಾಗಿ ಬಡಿದರೂ ಹಾನಿಯಿಲ್ಲ. 67 ಎಂದಿದ್ದರೆ ಸ್ವಲ್ಪಕಾಲ ನೀರಿನಲ್ಲಿ ಮುಳುಗಿದರೂ ತಾಳುತ್ತದೆ. ಒಂದನೆಯ ವಲಯಕ್ಕೆ ನೀರಿನ ಅಂಕಿ ಕನಿಷ್ಠ 4 ಇರಬೇಕೆಂಬುದು ನಿಯಮ. ಆದರೆ ನಮ್ಮ ಸ್ನಾನಗೃಹಗಳಲ್ಲಿ ಕೈಷವರೂ ಹೆಲ್ತ್ ಫಾಸೆಟ್ಟೂ ಇರುತ್ತವೆ, ಮಕ್ಕಳ ಕೈಗೆ ಅವು ಸಿಕ್ಕಿದಾಗ ನೀರಿನ ಧಾರೆ ಚಾವಣಿಯವರೆಗೂ ಹೋಗುತ್ತದೆ, ಗೋಡೆಯನ್ನು ತೊಳೆಯುವವರೂ ಅದನ್ನೇ ಬಳಸುತ್ತಾರೆ. ಆದುದರಿಂದ ಷವರಿನ ಒಳಗೆ 65ಕ್ಕಿಂತ ಕಡಿಮೆಯದನ್ನು ನಾನು ಯಾರಿಗೂ ಸೂಚಿಸಲಾರೆ. ಕಡಲ ಸಮೀಪದ ಊರಾದ ಕಾರಣ ಇಲ್ಲಿನ ಗಾಳಿಯಲ್ಲಿರುವ ಉಪ್ಪಿನಂಶವೂ ತೇವವೂ ದೀಪದೊಳಗಿನ ಲೋಹದ ತುದಿಗಳನ್ನು ಬೇಗನೆ ಕಿಲುಬು ಹಿಡಿಸುತ್ತವೆಂಬುದು ಮತ್ತೊಂದು ಕಾರಣ. ಒಳ್ಳೆಯ ಮುಚ್ಚಳವಿದ್ದೂ ತಂತಿ ಒಳಹೋಗುವ ರಂಧ್ರವನ್ನು ಹಾಗೆಯೇ ಬಿಟ್ಟರೆ ಆ ಅಂಕಿಗೆ ಅರ್ಥವಿಲ್ಲ. ತಂತಿಯ ಸುತ್ತ ರಬ್ಬರಿನ ಗ್ಲ್ಯಾಂಡನ್ನು ಬಿಗಿದಿದ್ದಾರೆಯೇ, ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ಟು ಮಡಿಚಿಕೊಳ್ಳದೆ ಕುಳಿತಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಹೋಗುವುದಕ್ಕೆ ಮುಂಚೆ ಕಣ್ಣಾರೆ ನೋಡಬೇಕು.

ಫಾಲ್ಸ್ ಸೀಲಿಂಗ್ ಇದ್ದರೆ ಅದರೊಳಗೆ ಹುದುಗಿಸುವ ಡೌನ್‌ಲೈಟ್, ಇಲ್ಲದಿದ್ದರೆ ಚಾವಣಿಗೋ ಗೋಡೆಗೋ ಬಿಗಿಯುವ, ದುಂಡಗಿನ ಅಥವಾ ಅಂಡಾಕಾರದ ಬಲ್ಕ್‌ಹೆಡ್ ದೀಪ, ಇವೆರಡರಲ್ಲಿ ಒಂದನ್ನು ಆರಿಸಬಹುದು. ಅಟ್ಟ ತಗ್ಗಾಗಿರುವ ಮನೆಗಳಿಗೆ 12 ವೋಲ್ಟಿನ ದೀಪವೇ ಸರ್ವೋತ್ತಮ; ಅದಕ್ಕೆ ವಿದ್ಯುತ್ತನ್ನು ಇಳಿಸಿಕೊಡುವ ಪೆಟ್ಟಿಗೆಯನ್ನು, ಡ್ರೈವರ್ ಎನ್ನುವುದನ್ನು, ನೀರಿನ ವಲಯಗಳಾಚೆ, ಸಾಧ್ಯವಾದರೆ ಸ್ನಾನಗೃಹದ ಹೊರಗೇ, ಇಡತಕ್ಕದ್ದು. ಆ ಪೆಟ್ಟಿಗೆ ಪ್ರತ್ಯೇಕಿಸಿದ ಸುರಕ್ಷಿತ ಜಾತಿಯದೆಂದು ಕೇಳಿ ತಿಳಿದುಕೊಳ್ಳಬೇಕು. ದೀಪದ ಗುಂಡಿ ಬಾಗಿಲಿನ ಹೊರಗಿರುವ ನಮ್ಮ ರೂಢಿ ಬಹು ವಿವೇಕದ್ದು. ಅಂದಕ್ಕಾಗಿ ಅದನ್ನು ಒಳಕ್ಕೆ ತರಬಾರದು.

ಇಷ್ಟೆಲ್ಲ ಮಾಡಿದರೂ ಮನೆಯ ವಿತರಣಾ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ರಕ್ಷಣೆ ಅಪೂರ್ಣವೇ. ಅದು ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ ನಡುವಣ ವ್ಯತ್ಯಾಸವನ್ನು ಗಮನಿಸುತ್ತಿದ್ದು, ಮನುಷ್ಯನ ದೇಹದ ಮೂಲಕವೋ ತೇವದ ಗೋಡೆಯ ಮೂಲಕವೋ ಅಲ್ಪಾಂಶ ಭೂಮಿಗೆ ಸೋರಿದೊಡನೆ ಸೆಕೆಂಡಿನ ಅಲ್ಪಭಾಗದಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಸಾಮಾನ್ಯ ಎಂ.ಸಿ.ಬಿ.ಗೆ ಈ ಕೆಲಸ ಬಾರದು. ಹಲವು ಆಂಪಿಯರುಗಳ ಅತಿಭಾರಕ್ಕೆ ಅದು ಬೀಳುತ್ತದೆಯೇ ಹೊರತು, ಪ್ರಾಣಾಪಾಯಕ್ಕೆ ಸಾಕಾಗುವ ಮಿಲಿಆಂಪಿಯರುಗಳು ಅದರ ಗಮನಕ್ಕೇ ಬರುವುದಿಲ್ಲ. ಆರ್.ಸಿ.ಸಿ.ಬಿ.ಯ ಮೇಲೆ 'ಟಿ' ಎಂದು ಗುರುತಿಸಿದ ಒಂದು ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಅದನ್ನೊತ್ತಿ, ಸಂಪರ್ಕ ಕಡಿದುಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಗೀಸರೂ ಇದೇ ಕೋಣೆಯಲ್ಲಿರುವುದರಿಂದ ಈ ವೆಚ್ಚ ದೀಪಕ್ಕಾಗಿ ಮಾತ್ರ ಮಾಡಿದ್ದಲ್ಲವೆಂಬುದನ್ನೂ ನೆನೆಯಬೇಕು.

ಬೆಳಕಿನ ಪ್ರಮಾಣವನ್ನು ವ್ಯಾಟಿನಿಂದ ಅಳೆಯುವ ಹಳೆಯ ಅಭ್ಯಾಸವನ್ನು ಬಿಟ್ಟು ಲ್ಯೂಮೆನ್ನಿನಿಂದ ಅಳೆಯುವುದು ಉಚಿತ. ಹಳೆಯ ಕಾಲದ 60 ವ್ಯಾಟಿನ ತಂತಿಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್. ಇಂದಿನ 8 ಅಥವಾ 9 ವ್ಯಾಟಿನ ಎಲ್‌ಇಡಿ ಅದನ್ನು ಮೀರಿಸುತ್ತದೆ. ಐದಡಿಗೆ ಏಳಡಿಯ ಕೋಣೆಯ ನೆಲ ಸುಮಾರು 3.25 ಚದರ ಮೀಟರ್. ಪ್ರತಿ ಚದರ ಮೀಟರಿಗೆ 200 ಲ್ಯೂಮೆನ್, ಎಂದರೆ 200 ಲಕ್ಸ್, ದೊರೆಯಬೇಕಾದರೆ ನೆಲಕ್ಕೆ 650 ಲ್ಯೂಮೆನ್ ಮುಟ್ಟಬೇಕು. ದೀಪದಿಂದ ಹೊರಟದ್ದೆಲ್ಲ ನೆಲಕ್ಕೆ ಮುಟ್ಟುವುದಿಲ್ಲ. ತಿಳಿಬಣ್ಣದ ಗೋಡೆಗಳ ನಡುವೆ ಅರ್ಧದಷ್ಟು ಮುಟ್ಟಿತೆಂದು ಎಣಿಸಿದರೆ 1300 ಲ್ಯೂಮೆನ್ನಿನ ಒಟ್ಟು ದೀಪಬಲ ಬೇಕಾಗುತ್ತದೆ. ಕಡುಬಣ್ಣದ ಹೆಂಚುಗಳಿದ್ದರೆ 2000ದವರೆಗೂ ಹೋಗಬೇಕಾದೀತು. ವ್ಯಾಟಿಗೆ 100 ಲ್ಯೂಮೆನ್ನಿನಂತೆ 1300 ಎಂದರೆ 13 ವ್ಯಾಟ್. ಇದನ್ನು ಒಂದೇ ದೀಪಕ್ಕೆ ಕೊಡದೆ, ಕನ್ನಡಿಯ ಕಡೆಗೆ 8 ವ್ಯಾಟಿನದೊಂದು, ಷವರಿನ ಒಳಗೆ 5 ವ್ಯಾಟಿನದೊಂದು ಎಂದು ಹಂಚಬೇಕು. ದಿನಕ್ಕೆ ಮೂರು ಗಂಟೆ ಎರಡೂ ಉರಿದರೆ ತಿಂಗಳಿಗೆ ಒಂದು ಯೂನಿಟ್ಟಿಗೆ ತುಸು ಮೇಲಾಗುತ್ತದೆ. ಇಷ್ಟು ಅಲ್ಪವ್ಯಯದಲ್ಲಿ ದೊರೆಯುವ ಅನುಕೂಲವನ್ನು ಮಿತವ್ಯಯದ ಹೆಸರಿನಲ್ಲಿ ಕಳೆದುಕೊಳ್ಳುವುದು ತರವಲ್ಲ, ವಿಶೇಷವಾಗಿ ಮನೆಯಲ್ಲಿ ವೃದ್ಧರಿರುವಾಗ: ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟೇ. ಹಿರಿಯರಿಗೆ ಹೆಚ್ಚು ಬೆಳಕೂ ಬೇಕು, ಆ ಬೆಳಕು ಕಣ್ಣಿಗೆ ಚುಚ್ಚಲೂ ಬಾರದು. ಬರಿಯ ಬಲ್ಬು ಕಾಣುವ ದೀಪವನ್ನು ಅವರ ಸ್ನಾನಗೃಹದಲ್ಲಿ ಇಡಲೇಬಾರದು.

ಬಣ್ಣದ ವಿಷಯದಲ್ಲಿ ದೀರ್ಘ ಚರ್ಚೆ ಅನವಶ್ಯಕ. 6500 ಕೆಲ್ವಿನ್ನಿನ ನೀಲಿಬಿಳುಪು ನಮ್ಮ ಕಡೆ ಬಹುಜನಪ್ರಿಯವಾದರೂ ಹೆಂಚಿನ ಮೇಲೆ ಶೀತಲವಾಗಿ ಕಾಣುತ್ತದೆ. 3000ದ ಹಳದಿ ಛಾಯೆ ಹಿತವಾಗಿದ್ದರೂ ಮಂದವೆನಿಸುತ್ತದೆ. 4000 ಕೆಲ್ವಿನ್ ಮಧ್ಯಮಮಾರ್ಗ. ಅದಕ್ಕಿಂತ ಗಮನಾರ್ಹವಾದದ್ದು, ದೀಪ ವಸ್ತುಗಳ ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬುದನ್ನು ಸೂಚಿಸುವ ಸಿ.ಆರ್.ಐ. ಎಂಬ ಅಂಕಿ. ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತದ್ದು ಓದುಗರಿಗೆ ನೆನಪಿರಬಹುದು; ಇಂದಿನ ಬಿಳಿದೀಪಗಳಲ್ಲಿ ಬಹುಪಾಲು ಅದೇ ನೀಲಿಯ ಮೇಲೆ ಹಳದಿ ಹೊಳಪಿನ ಪುಡಿಯನ್ನು ಲೇಪಿಸಿ ಪಡೆದವು. ಹೀಗಾಗಿ ಅಗ್ಗದ ದೀಪಗಳಲ್ಲಿ ಕೆಂಪಿನಂಶ ಕ್ಷೀಣವಾಗಿದ್ದು, ಚರ್ಮ ನಿಸ್ತೇಜವಾಗಿ ಕಾಣುತ್ತದೆ. ಮಗುವಿನ ಮೈಮೇಲಿನ ಕೆಂಪುಗಂದೆಯಾಗಲಿ ವೃದ್ಧರ ಕಾಲಿನ ಸಣ್ಣಗಾಯವಾಗಲಿ ಕಣ್ಣಿಗೆ ತಪ್ಪಿಹೋಗಬಹುದು. ಸಿ.ಆರ್.ಐ. 80 ಕನಿಷ್ಠ, 90 ದೊರೆತರೆ ಅದನ್ನೇ ಕೊಳ್ಳಬೇಕು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಚಿಹ್ನೆ ಇಲ್ಲದ ದೀಪವನ್ನು, ಅದು ಆರ್ಕಾಟ್ ರಸ್ತೆಯ ಅಂಗಡಿಯಲ್ಲಾಗಲಿ ಪ್ಯಾರಿಸ್ ಕಾರ್ನರಿನ ಬೀದಿಗಳಲ್ಲಾಗಲಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ, ನೀರಿರುವ ಕೋಣೆಗೆ ತರಬಾರದು.

ಮನುಷ್ಯನ ಸುಳಿವನ್ನರಿತು ತಾನೇ ಹೊತ್ತಿಕೊಳ್ಳುವ ದೀಪಗಳನ್ನು ಈಗ ಅನೇಕರು ಬಯಸುತ್ತಾರೆ. ಅವುಗಳಲ್ಲಿ ಸಾಮಾನ್ಯವಾದ ಬಗೆ ದೇಹದಿಂದ ಹೊರಡುವ ಶಾಖಕಿರಣಗಳ ಚಲನೆಯನ್ನು ಗ್ರಹಿಸುವಂಥದು. ಆ ಕಿರಣಗಳಿಗೆ ಗಾಜು ಗೋಡೆಯಷ್ಟೇ ಅಭೇದ್ಯ. ಸಂವೇದಕ ಬಾಗಿಲ ಬಳಿಯಿದ್ದು ಸ್ನಾನ ಮಾಡುವವನು ಗಾಜಿನ ತಡಿಕೆಯ ಒಳಗಿದ್ದರೆ, ಕೋಣೆ ನಿರ್ಜನವೆಂದು ಅದು ಭಾವಿಸಿ, ಕಣ್ಣಿಗೆ ಸಾಬೂನು ಹತ್ತಿರುವ ಹೊತ್ತಿನಲ್ಲಿ ದೀಪವನ್ನಾರಿಸಿಬಿಡಬಹುದು. ಷವರಿನ ದೀಪಕ್ಕೆ ಕೈಯಿಂದ ಒತ್ತುವ ಗುಂಡಿಯೇ ಕ್ಷೇಮ. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಹಜಾರದ ಫ್ಯಾನಿನ ಜೊತೆಗೆ ಈ 5 ವ್ಯಾಟಿನ ದೀಪವನ್ನೂ ಅದಕ್ಕೆ ಸೇರಿಸುವಂತೆ ಹೇಳಬೇಕು. ಈಶಾನ್ಯ ಮಳೆಗಾಲದ ಸಂಜೆ ಕರೆಂಟು ಹೋದಾಗ ಒದ್ದೆನೆಲದ ಮೇಲೆ ಕತ್ತಲೆಯಲ್ಲಿ ತಡವರಿಸುವುದು ತಪ್ಪುತ್ತದೆ.

ಬಾಡಿಗೆ ಮನೆಯಲ್ಲಿರುವವರು, ವಡಪಳನಿಯ ಕನ್ನಡಿಗರಲ್ಲಿಯೂ ಅಂಥವರು ಬಹಳ ಮಂದಿ, ಗೋಡೆಯನ್ನು ಕೊರೆಸಲಾರರು. ಅವರು ಮಾಲೀಕರ ಒಪ್ಪಿಗೆ ಪಡೆದು, ಈಗಿರುವ ದೀಪದ ಬಿಂದುವಿನಲ್ಲಿಯೇ ಐ.ಪಿ. 65ರ ಬಲ್ಕ್‌ಹೆಡ್ ಒಂದನ್ನು ಹಾಕಿಸಿ, ಅಪಾರದರ್ಶಕ ಪರದೆಯಿದ್ದರೆ ತೆಗೆದು ಪಾರದರ್ಶಕವಾದುದನ್ನು ತೂಗುಹಾಕಿ, ಷವರಿನ ಮೂಲೆಗೆ ಬ್ಯಾಟರಿಯಿಂದ ನಡೆಯುವ, ನೀರನ್ನು ತಡೆಯುವ ಸಣ್ಣ ದೀಪವೊಂದನ್ನು ಅಂಟಿಸಿಕೊಳ್ಳಬಹುದು. ಅದರ ವೋಲ್ಟೇಜ್ ಅತ್ಯಲ್ಪವಾದ್ದರಿಂದ ಭಯವಿಲ್ಲ. ಮನೆ ಬದಲಾಯಿಸುವಾಗ ಜೊತೆಗೊಯ್ಯಲೂ ಬಹುದು.

ಬೋರ್‌ವೆಲ್ಲಿನ ಗಡಸುನೀರು ಬರುವ ಮನೆಗಳಲ್ಲಿ ದೀಪದ ಮುಚ್ಚಳದ ಮೇಲೂ ಗಾಜಿನ ತಡಿಕೆಯ ಮೇಲೂ ಸುಣ್ಣದಂಥ ಬಿಳಿಯ ಪೊರೆ ಕೆಲವೇ ವಾರಗಳಲ್ಲಿ ಕೂಡಿ, ಹೊಸ ದೀಪವೂ ಹಳತಾದಂತೆ ಮಂಕಾಗಿ ಕಾಣುತ್ತದೆ. ಎಂ.ಸಿ.ಬಿ.ಯನ್ನು ಆರಿಸಿ, ದೀಪ ತಣ್ಣಗಾದ ಮೇಲೆ, ನಿಂಬೆರಸ ಅಥವಾ ವಿನಿಗರನ್ನು ನೀರಿನಲ್ಲಿ ಬೆರೆಸಿ ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿ, ಆಮೇಲೆ ಬರಿಯ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರಸಿದರೆ ಆ ಪೊರೆ ಬಿಡುತ್ತದೆ. ಒರಟಾದ ನಾರಿನಿಂದ ತಿಕ್ಕಿದರೆ ಪ್ಲಾಸ್ಟಿಕ್ ಮುಚ್ಚಳ ಗೀರುಬಿದ್ದು ಶಾಶ್ವತವಾಗಿ ಮಬ್ಬಾಗುತ್ತದೆ. ಒರಸುವಾಗ ಮುಚ್ಚಳದ ಒಳಭಾಗದಲ್ಲಿ ನೀರಿನ ಹನಿಗಳೇನಾದರೂ ಕಂಡರೆ ಗ್ಯಾಸ್ಕೆಟ್ಟು ಸೋತಿದೆಯೆಂದು ತಿಳಿದು, ಅದನ್ನು ಬದಲಾಯಿಸುವವರೆಗೆ ಆ ದೀಪವನ್ನು ಹೊತ್ತಿಸಬಾರದು.